ಬಯಲುಸೀಮೆಯಿಂದ ಸಮುದ್ರ ವಿಜ್ಞಾನಕ್ಕೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳಿಗೆ ದಾರಿ

ಘಟ್ಟ ಇಳಿದು ಸಮುದ್ರದ ಕಡೆ ಹೋಗುವುದು ನಮ್ಮ ಜನಕ್ಕೆ ಹೊಸದೇನಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ, ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಊರೂರಲ್ಲೂ ಸಿಗುತ್ತಾರೆ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ದಿನವೂ ತರಕಾರಿ ಗಾಡಿ ಇಳಿಯುತ್ತವೆ. ಆದರೆ 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಈಗ ಇರುವುದು ಅದೇ ಗೋವಾದ ದೋನಾ ಪಾವ್ಲಾದಲ್ಲಿ. ಅಲ್ಲಿಗೆ ಸಂಶೋಧನೆ ಮಾಡಲು ಹೋದ ನಮ್ಮೂರಿನ ಒಬ್ಬ ಹುಡುಗಿಯ ಹೆಸರು ಹೇಳಿ ಅಂದರೆ ಬಹಳ ಜನ ಸುಮ್ಮನಾಗುತ್ತಾರೆ. ದುಡಿಯಲು ಹೋಗುವ ದಾರಿ ಎಲ್ಲರಿಗೂ ಗೊತ್ತು. ಓದಲು ಹೋಗುವ ದಾರಿಯನ್ನು ಯಾರೂ ಸರಿಯಾಗಿ ತೋರಿಸಿಲ್ಲ.

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಈ ಮಾರ್ಗದರ್ಶಿ ಪಿಯುಸಿ ಮತ್ತು ಬಿ.ಎಸ್ಸಿ ಓದುವ ಮಕ್ಕಳಿಗೆ, ಅವರ ಅಪ್ಪ ಅವ್ವಂದಿರಿಗೆ, ನನ್ನಂಥ ಉಪನ್ಯಾಸಕರಿಗೆ. ಹಳ್ಳಿಯವರು, ಕನ್ನಡ ಮಾಧ್ಯಮದವರು, ತಾಂಡಾದ ಮಕ್ಕಳು, ಅಂಬಿಗರ ಮನೆಯವರು, ಮನೆಯಲ್ಲಿ ಮೊದಲ ಬಾರಿ ಡಿಗ್ರಿಗೆ ಬಂದ ಹುಡುಗಿಯರು, ಇವರೆಲ್ಲ ಈ ಕ್ಷೇತ್ರಕ್ಕೆ ಬರಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಕಾರಣವೂ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಊರುಗಳನ್ನು ಮುಳುಗಿಸಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂತು. ಆ ನೀರನ್ನು ಹೊತ್ತು ತಂದದ್ದು ಅರಬ್ಬೀ ಸಮುದ್ರದ ಮೇಲಿಂದ ಬೀಸುವ ಮುಂಗಾರು. ಸಮುದ್ರದ ಬಿಸಿ ಎಷ್ಟು ಏರಿದೆ, ಗಾಳಿ ಎತ್ತ ಬೀಸುತ್ತದೆ ಅನ್ನುವ ಲೆಕ್ಕದ ಮೇಲೆ ನಮ್ಮ ಬಿತ್ತನೆ ನಿಂತಿದೆ. ಆ ಲೆಕ್ಕ ಹಾಕುವವರಲ್ಲಿ ನಮ್ಮವರೂ ಇರಬೇಕಲ್ವಾ?

ಮೊದಲು ಮನಸ್ಸಿನಲ್ಲಿರುವ ಅಂಜಿಕೆ ತೆಗೆಯಿರಿ

"ಸರ್, ನನಗೆ ಈಜು ಬರಲ್ಲ." ಸಮುದ್ರ ವಿಜ್ಞಾನ ಅಂದ ಕೂಡಲೇ ಬರುವ ಮೊದಲ ಮಾತು ಇದು. ಈ ಕ್ಷೇತ್ರದ ಬಹುಪಾಲು ಕೆಲಸ ನಡೆಯುವುದು ಪ್ರಯೋಗಾಲಯದಲ್ಲಿ, ಕಂಪ್ಯೂಟರ್ ಮುಂದೆ. ದೇಶಕ್ಕೆ ಸುನಾಮಿ ಎಚ್ಚರಿಕೆ ಕೊಡುವ ಸಂಸ್ಥೆ ಇನ್‌ಕಾಯ್ಸ್ ಇರುವುದು ಹೈದರಾಬಾದಿನಲ್ಲಿ. ಅಲ್ಲಿಂದ ಸಮುದ್ರಕ್ಕೆ ನೂರಾರು ಕಿಲೋಮೀಟರ್. ಮೀನುಗಾರರಿಗೆ "ಇಂದು ಈ ಭಾಗದಲ್ಲಿ ಮೀನು ಸಿಗಬಹುದು" ಎಂಬ ಸೂಚನೆಯೂ ಅಲ್ಲಿಂದಲೇ ಹೋಗುತ್ತದೆ. ಭಾರತದ ಸುತ್ತಲಿನ ಸಮುದ್ರದ ನಕಾಶೆ ಮಾಡುವ ನೌಕಾಪಡೆಯ ಜಲಮಾಪನ ಕಚೇರಿ ಇರುವುದು ಹಿಮಾಲಯದ ಬುಡದ ಡೆಹ್ರಾಡೂನಿನಲ್ಲಿ. ದಂಡೆಯಲ್ಲಿ ಹುಟ್ಟದಿದ್ದರೂ ಸಮುದ್ರದ ಕೆಲಸ ಮಾಡಬಹುದು.

1983–84ರಲ್ಲಿ ಭಾರತದ ಮೂರನೇ ಅಂಟಾರ್ಕ್ಟಿಕಾ ಯಾನ ನಡೆಯಿತು. ಆಗ ಮೊದಲ ಬಾರಿಗೆ ಇಬ್ಬರು ಭಾರತೀಯ ಮಹಿಳೆಯರು ಹೋದರು. ಒಬ್ಬರು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ಇನ್ನೊಬ್ಬರು ಸಮುದ್ರ ವಿಜ್ಞಾನಿ ಅದಿತಿ ಪಂತ್. ಅದಿತಿ ಪಂತ್ ಹುಟ್ಟಿದ್ದು ನಾಗಪುರದಲ್ಲಿ, ಅಂದರೆ ದೇಶದ ಹೆಚ್ಚೂಕಡಿಮೆ ನಟ್ಟನಡುವೆ. ಮಗಳನ್ನು ಕಳಿಸಲು ಹಿಂಜರಿಯುವ ಮನೆಯವರಿಗೆ ಈ ಒಂದು ಹೆಸರು ಹೇಳಿ.

ಎರಡನೇ ಅಂಜಿಕೆ ನಮ್ಮ ಭಾಗದಲ್ಲಿ ಜಾಸ್ತಿ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ." ಲಿಂಗಾಯತ, ಜೈನ ಮನೆಗಳ ಎಷ್ಟೋ ಮಕ್ಕಳು ಈ ಒಂದೇ ಕಾರಣಕ್ಕೆ ಹಿಂದೆ ಸರಿಯುತ್ತಾರೆ. ಇದಕ್ಕೆ ಸುಳ್ಳು ಸಮಾಧಾನ ಹೇಳಬಾರದು. ಮೀನುಗಾರಿಕೆ ಪದವಿ ಅಥವಾ ಸಾಗರ ಜೀವಶಾಸ್ತ್ರ ತೆಗೆದುಕೊಂಡರೆ ಮೀನು ಮುಟ್ಟಬೇಕು, ಕೊಯ್ಯಬೇಕು, ಬಂದರಿನಲ್ಲಿ ನಿಂತು ಅಳೆಯಬೇಕು. ತಿನ್ನಬೇಕಾಗಿಲ್ಲ ಅಷ್ಟೇ. ಅದು ಆಗದು ಅನ್ನುವವರಿಗೆ ಬೇರೆ ಬಾಗಿಲುಗಳಿವೆ. ಅಲೆ, ಪ್ರವಾಹ, ಉಷ್ಣತೆ ಓದುವ ಭೌತ ಸಾಗರಶಾಸ್ತ್ರ ಇದೆ. ನೀರಿನ ಉಪ್ಪು, ಆಮ್ಲಜನಕ, ಲೋಹ ಪರೀಕ್ಷಿಸುವ ರಸಾಯನ ವಿಭಾಗ ಇದೆ. ಸಮುದ್ರದ ತಳದ ಮಣ್ಣು, ಕಲ್ಲು ನೋಡುವ ಸಾಗರ ಭೂವಿಜ್ಞಾನ ಇದೆ. ಮೀನು ಮುಟ್ಟದೆಯೂ ಇವುಗಳಲ್ಲಿ ಇಡೀ ಜೀವನ ಕೆಲಸ ಮಾಡಬಹುದು.

ಭೂವಿಜ್ಞಾನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಬಾಗಲಕೋಟೆಯ ಮಕ್ಕಳಿಗೆ ಇದು ಕಾಲ ಕೆಳಗೇ ಇದೆ. ಬಾಗಲಕೋಟೆ, ಲೋಕಾಪುರದ ಸುತ್ತ ಸಿಮೆಂಟಿಗಾಗಿ ತೆಗೆಯುವ ಸುಣ್ಣಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿದ್ದು. ಆ ಕಾಲದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಗುರುತುಗಳು ಕಲಾದಗಿ ಸೀಮೆಯ ಕಲ್ಲುಗಳಲ್ಲಿ ಈಗಲೂ ಸಿಗುತ್ತವೆ.

ಪಿಯುಸಿಯಲ್ಲಿ ಯಾವ ವಿಷಯ?

ಆಗುವುದಾದರೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಿ. ಜೀವಶಾಸ್ತ್ರ ಬಿಟ್ಟರೆ ಮೀನುಗಾರಿಕೆ ಪದವಿಯ ಬಾಗಿಲು ಮುಚ್ಚುತ್ತದೆ. ಗಣಿತ ಬಿಟ್ಟರೆ ಮುಂದೆ ಸಾಗರಶಾಸ್ತ್ರದ ಅರ್ಧ ಬಾಗಿಲು ಮುಚ್ಚುತ್ತದೆ. "ಗಣಿತ ಕಷ್ಟ, ಬಿಡು" ಅಂತ ಹುಡುಗಿಯರಿಗೆ ಸಲಹೆ ಕೊಡುವವರು ಬಹಳ. ದಯವಿಟ್ಟು ಆ ಮಾತು ಕೇಳಬೇಡಿ.

ನೇರ ದಾರಿ: ಮಂಗಳೂರಿನ ಬಿ.ಎಫ್.ಎಸ್ಸಿ (ಮೀನುಗಾರಿಕೆ ಪದವಿ)

ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ 1969ರಲ್ಲಿ ಶುರುವಾಯಿತು. ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು. ಈಗ ಬೀದರ್‌ನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಕೋರ್ಸು ನಾಲ್ಕು ವರ್ಷ. ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಮೂಲಕ. ಎಂಜಿನಿಯರಿಂಗ್‌ಗೆ, ಬಿ.ಎಸ್ಸಿ ಕೃಷಿಗೆ ಅರ್ಜಿ ಹಾಕುವ ನಮ್ಮ ಮಕ್ಕಳು ಅದೇ ಅರ್ಜಿಯಲ್ಲಿ ಇದನ್ನೂ ಆರಿಸಬಹುದು. ಆಯ್ಕೆ ತುಂಬುವಾಗ ಇದರ ಹೆಸರೇ ನೋಡಿರುವುದಿಲ್ಲ, ಅಷ್ಟೇ.

ವಿಜಯಪುರದವರಿಗೆ ಇನ್ನೊಂದು ಅನುಕೂಲ ಇದೆ. ಊರ ಪಕ್ಕದ ಭೂತನಾಳದಲ್ಲಿ ಇದೇ ವಿಶ್ವವಿದ್ಯಾಲಯದ ಒಳನಾಡು ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಮಗು ಹನ್ನೊಂದನೇ ಕ್ಲಾಸಿನಲ್ಲಿ ಇರುವಾಗಲೇ ಒಂದು ದಿನ ಕರೆದುಕೊಂಡು ಹೋಗಿ. ಮೊದಲೇ ಫೋನ್ ಮಾಡಿ, ಅನುಮತಿ ಕೇಳಿ ಹೋಗಿ. ಮೀನುಗಾರಿಕೆ ಓದಿದವರು ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ಮಗು ಕಣ್ಣಾರೆ ನೋಡಲಿ.

ಕಾಗದ ಪತ್ರ: ಸೀಟು ತಪ್ಪುವುದು ಇಲ್ಲೇ

ಈ ಭಾಗವನ್ನು ನಿಧಾನವಾಗಿ ಓದಿ. ಅಂಕ ಇದ್ದೂ ಒಂದು ಸರ್ಟಿಫಿಕೇಟ್ ಇಲ್ಲದೆ ಸೀಟು ಕಳೆದುಕೊಳ್ಳುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲನೆಯದು, 371ಜೆ ವಿಷಯ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ಕೊಟ್ಟ ವಿಶೇಷ ಮೀಸಲಾತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರಕ್ಕೂ 371ಜೆ ಮೀಸಲಾತಿ ಅನ್ವಯಿಸುವುದಿಲ್ಲ. ಅದು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ಸಿಂದಗಿ, ಇಂಡಿ ಕಡೆಯವರು ಪಕ್ಕದ ಕಲಬುರಗಿ ನೋಡಿ "ನಮಗೂ ಇದೆ" ಅಂದುಕೊಂಡು ಬೇರೆ ಮೀಸಲಾತಿಯ ಕಡೆ ಗಮನ ಕೊಡುವುದಿಲ್ಲ. ಕೇಳಿದರೆ ನಮ್ಮ ಜಿಲ್ಲೆಗಳ ಹಳ್ಳಿಗಳೂ ಅಷ್ಟೇ ಹಿಂದುಳಿದಿವೆ ಅನ್ನುತ್ತೇನೆ. ಆದರೆ ಇರುವ ಕಾನೂನು ಇದು.

ನಮಗೆ ಇರುವುದು ಇವು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ. ಇವೆರಡಕ್ಕೂ ಓದಿದ ಶಾಲೆಯ ಮುಖ್ಯಶಿಕ್ಷಕರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಶಾಲೆ ಎರಡು ಮೂರು ಕಡೆ ಬದಲಾಗಿದ್ದರೆ ಅಷ್ಟೂ ಕಡೆಯಿಂದ ತರಬೇಕು. ಗೋವಾದಲ್ಲಿ ದುಡಿಯಲು ಹೋದ ಅಪ್ಪ ಅವ್ವನ ಜೊತೆ ಎರಡು ವರ್ಷ ಅಲ್ಲಿ ಓದಿ ವಾಪಸ್ ಬಂದ ಮಕ್ಕಳಿಗೆ ಇದೇ ತೊಡಕು. ಅಂಥ ಮಕ್ಕಳಿಗೆ ಶಾಲೆಯ ಶಿಕ್ಷಕರೇ ಮುಂದೆ ನಿಂತು ಯಾವುದಕ್ಕೆ ಅರ್ಹತೆ ಉಳಿದಿದೆ ಅಂತ ಕೆಇಎ ಮಾಹಿತಿ ಪುಸ್ತಕ ನೋಡಿ ಹೇಳಬೇಕು.

ಕೃಷಿ ಸಂಬಂಧಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಕೆಲಸ ಮಾಡಿದ ಮಗುವಿಗೆ ಅದು ಕಷ್ಟವೇ ಅಲ್ಲ. ಅರ್ಜಿ ಹಾಕುವಾಗ ಆ ಕಾಲಂ ತುಂಬುವುದನ್ನು ಮಾತ್ರ ಮರೆಯಬೇಡಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರ್ ಅರ್ಜಿಯಲ್ಲಿ ಹಾಕಬೇಕು. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು, ಅಪ್ಪನ ಹೆಸರು ಒಂದೇ ರೀತಿ ಇದೆಯಾ ನೋಡಿ. ಇದನ್ನು ದಸರೆ ರಜೆಯಲ್ಲೇ ಮುಗಿಸಿ. ಜನವರಿ ಬಂದ ಮೇಲೆ ನಾಡಕಚೇರಿ ಮುಂದೆ ಸಾಲು ಬೆಳೆಯುತ್ತದೆ.

ಹಣದ ಚಿಂತೆ ಇರುವವರು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲೇಬೇಕು. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನಕ್ಕೆ ಅದೇ ಬಾಗಿಲು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ಊಟ-ವಸತಿ ನೆರವು ಇದೆ. ಬಿ.ಎಸ್ಸಿ ಓದುವವರಲ್ಲಿ ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡ್‌ನ ಮೊದಲ ಶೇ. 1ರೊಳಗೆ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ.

ಇನ್ನೊಂದು ದಾರಿ: ಊರಲ್ಲೇ ಬಿ.ಎಸ್ಸಿ, ಆಮೇಲೆ ದಂಡೆಗೆ

ಎಲ್ಲರೂ ಹದಿನೆಂಟರಲ್ಲೇ ಮನೆ ಬಿಟ್ಟು ಹೋಗಲಾರರು. ಹುಡುಗಿಯರಿಗಂತೂ ಇದು ದೊಡ್ಡ ಪ್ರಶ್ನೆ. ಜಮಖಂಡಿ, ಗೋಕಾಕ, ಮುದ್ದೇಬಿಹಾಳದಂಥ ಊರಲ್ಲೇ ಬಿ.ಎಸ್ಸಿ ಮುಗಿಸಿ ಎಂ.ಎಸ್ಸಿಗೆ ಸಮುದ್ರದ ಕಡೆ ಹೋಗಬಹುದು. ನಮ್ಮ ಭಾಗಕ್ಕೆ ಇದೇ ಹೆಚ್ಚು ಹೊಂದುವ ದಾರಿ ಅಂತ ನನ್ನ ಅಭಿಪ್ರಾಯ.

ಹತ್ತಿರದ್ದು ಕಾರವಾರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಅಲ್ಲಿನ ಕೋಡಿಬಾಗದಲ್ಲಿದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಅಲ್ಲೇ ಪಕ್ಕದಲ್ಲಿ. ಸುತ್ತಲಿನ ಮಾತು ಕನ್ನಡ, ಕೊಂಕಣಿ. ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯದ್ದು. ಪ್ರಾಣಿಶಾಸ್ತ್ರ ಓದಿದವರು ಮೊದಲು ಇದನ್ನು ನೋಡಿ. ಭೂವಿಜ್ಞಾನದ ಕಡೆ ಒಲವಿದ್ದರೆ ಮಂಗಳಗಂಗೋತ್ರಿಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗ ಇದೆ. ಬೆಳಗಾವಿಯವರಿಗೆ ಗೋವಾ ವಿಶ್ವವಿದ್ಯಾಲಯವೂ ದೂರವಲ್ಲ. ಭೌತಶಾಸ್ತ್ರ, ಗಣಿತ ಓದಿದವರು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್) ನೋಡಿ. ಅಲ್ಲಿ ಸಾಗರಶಾಸ್ತ್ರದ ಎಂ.ಎಸ್ಸಿ ಇದೆ, ಅವರದ್ದೇ ಪ್ರವೇಶ ಪರೀಕ್ಷೆ ಇದೆ. ಪುದುಚೇರಿ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದೆ, ಆ ಊರಿಗೆ ಈಗ ಶ್ರೀ ವಿಜಯ ಪುರಂ ಅಂತ ಹೆಸರು. ಅಲ್ಲಿಗೆ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಂದರು, ಅಲೆತಡೆ, ಕಡಲ ಕಟ್ಟಡಗಳ ಓದು ಇದೆ.

ಡಿಗ್ರಿಯ ಮೂರು ವರ್ಷ ಹಿನ್ನೀರಿನಲ್ಲಿ ಕಲಿಯಿರಿ

ಸಮುದ್ರ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ. ಆಲಮಟ್ಟಿ ಹಿನ್ನೀರು ಇದೆ, ಹಿಡಕಲ್ ಇದೆ, ಸವದತ್ತಿಯ ನವಿಲುತೀರ್ಥ ಇದೆ. ಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು; ಅವನ್ನು ಹಿಡಿಯುವುದು, ಎಣಿಸುವುದು, ಗುರುತಿಸುವುದು ಸಿಹಿನೀರಿನಲ್ಲೂ ಉಪ್ಪುನೀರಿನಲ್ಲೂ ಒಂದೇ ಕೈಕೆಲಸ. ಕೋಪೆಪಾಡ್ ಎಂಬ ಸಣ್ಣ ಜೀವಿ ಎರಡು ಕಡೆಯೂ ಸಿಗುತ್ತದೆ. ಇಲ್ಲಿ ನೂರು ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿದ್ಯಾರ್ಥಿ ಕಾರವಾರಕ್ಕೆ ಹೋದ ಮೊದಲ ವಾರವೇ ಕೆಲಸಕ್ಕೆ ಕೈ ಹಾಕುತ್ತಾಳೆ.

ಬೇಕಾಗುವುದು ಬಹಳ ಕಡಿಮೆ. ತಂತಿಯ ಬಳೆಗೆ ತೀರಾ ಸಣ್ಣ ಕಣ್ಣಿನ ನೈಲಾನ್ ಬಟ್ಟೆಯನ್ನು ಲಾಳಿಕೆಯಂತೆ ಹೊಲಿದು, ತುದಿಗೆ ಸಣ್ಣ ಬಾಟಲಿ ಕಟ್ಟಿದರೆ ಪ್ಲಾಂಕ್ಟನ್ ಬಲೆ ಆಯಿತು. 20 ಸೆಂಟಿಮೀಟರ್ ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು ಹಗ್ಗ ಕಟ್ಟಿ. ನೀರಿಗೆ ಇಳಿಸಿ, ಎಷ್ಟು ಆಳದಲ್ಲಿ ಕಾಣದಾಗುತ್ತದೆ ಅಂತ ಬರೆದುಕೊಳ್ಳಿ. ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯುವ ಇದಕ್ಕೆ ಸೆಕ್ಕಿ ತಟ್ಟೆ ಅನ್ನುತ್ತಾರೆ. ಜೊತೆಗೆ ಒಂದು ಥರ್ಮಾಮೀಟರ್. ಪ್ರತಿ ತಿಂಗಳು ಅದೇ ಜಾಗ, ಅದೇ ಹೊತ್ತು. ವರ್ಷ ಪೂರ್ತಿ ಬಿಡದೆ ಬರೆದ ಆ ನೋಟ್‌ಬುಕ್ಕಿಗೆ ಯಾವ ಸಂದರ್ಶನದಲ್ಲೂ ಬೆಲೆ ಇದೆ.

ಒಬ್ಬರೇ ನೀರಿಗೆ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಜಲಾಶಯದಿಂದ ನೀರು ಬಿಡುವ ದಿನಗಳಲ್ಲಿ ದಂಡೆಗೂ ಹೋಗಬೇಡಿ. ಅಲ್ಲಿಯ ಮೀನುಗಾರ ಕಾಕಾನನ್ನು ಕೇಳಿ, ಅವರ ದೋಣಿಯಲ್ಲೇ ಹೋಗಿ. ನೀರಿನ ಬಗ್ಗೆ ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿ ಅವರಿಗೆ ಗೊತ್ತು. ಅವರ ಮನೆಯ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಇದ್ದರೆ ಆ ಮಗುವನ್ನೇ ತಂಡದ ಮುಂದಾಳು ಮಾಡಿ. ಜಾತಿ ಕಸುಬು ಅಂತ ಹೇಳಿಕೊಳ್ಳಲು ನಾಚುವ ಮಗು ಅಲ್ಲಿ ಎಲ್ಲರಿಗೂ ಕಲಿಸುವ ಜಾಗದಲ್ಲಿ ನಿಲ್ಲುತ್ತದೆ.

ಉಪನ್ಯಾಸಕರಿಗೆ: ಒಮ್ಮೆ ಸಮುದ್ರ ತೋರಿಸಿ

ಕ್ಷೇತ್ರ ಪ್ರವಾಸಕ್ಕೆ ಕಾರವಾರ ಆರಿಸಿ. ದಿನಾಂಕವನ್ನು ರಜೆ ನೋಡಿ ಹಾಕಬೇಡಿ, ಅಮಾವಾಸ್ಯೆ ಹುಣ್ಣಿಮೆ ನೋಡಿ ಹಾಕಿ. ಆ ಆಸುಪಾಸಿನಲ್ಲಿ ಸಮುದ್ರದ ನೀರಿನ ಇಳಿತ ಜಾಸ್ತಿ, ಬಂಡೆಗಳ ಮೇಲಿನ ಜೀವಿಗಳು ಚೆನ್ನಾಗಿ ಕಾಣುತ್ತವೆ. ಇಳಿತದ ಹೊತ್ತನ್ನು ಆ ದಿನದ ಭರತ-ಇಳಿತದ ಪಟ್ಟಿಯಲ್ಲಿ ನೋಡಿ, ಒಂದು ಗಂಟೆ ಮೊದಲೇ ದಂಡೆಯಲ್ಲಿರಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಆಗ ಬಂದರು ಖಾಲಿ, ಸಮುದ್ರವೂ ಉಗ್ರ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಕಾರವಾರದಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಪ್ರಾಂಶುಪಾಲರ ಸಹಿಯ ಪತ್ರ ಮೊದಲೇ ಕಳಿಸಿ ಭೇಟಿ ಕೇಳಿ.

ಹವಳ, ಸಮುದ್ರ ಕುದುರೆ, ಸಮುದ್ರ ಸೌತೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಮ್ಯೂಸಿಯಂಗೆ ಬೇಕು ಅಂತ ತರುವ ಹಳೆಯ ರೂಢಿ ಬಿಡಿ. ಫೋಟೊ ಸಾಕು.

ಈಗ ಮುಖ್ಯ ಮಾತು. ಪ್ರವಾಸದ ಖರ್ಚು ಕೊಡಲಾಗದ ಮಗು "ನನಗೆ ಹುಷಾರಿಲ್ಲ ಸರ್" ಅಂತ ಉಳಿದುಬಿಡುತ್ತದೆ. ಯಾರೂ ಹಣ ಇಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಕೇಳುವ ಮೊದಲೇ ಹಣ ಹೊಂದಿಸಿ. ಹಳೆ ವಿದ್ಯಾರ್ಥಿಗಳನ್ನು ಕೇಳಿ, ಕಾಲೇಜು ಅಭಿವೃದ್ಧಿ ಸಮಿತಿಯನ್ನು ಕೇಳಿ. ಹುಡುಗಿಯರು ಬರಬೇಕಾದರೆ ಮಹಿಳಾ ಉಪನ್ಯಾಸಕಿ ಜೊತೆಗಿರಲಿ, ರಾತ್ರಿ ಎಲ್ಲಿ ತಂಗುತ್ತೇವೆ ಅಂತ ಮನೆಯವರಿಗೆ ಪತ್ರದಲ್ಲಿ ಬರೆದುಕೊಡಿ. ಇಷ್ಟು ಮಾಡಿದರೆ ಬೇಡ ಅನ್ನುವ ಮನೆಗಳು ಕಡಿಮೆ.

ಇನ್ನೊಂದು, ಒಬ್ಬರನ್ನೇ ಕಳಿಸಬೇಡಿ. ಎಂ.ಎಸ್ಸಿಗೆ ಒಂದೇ ಕಾಲೇಜಿನಿಂದ ಇಬ್ಬರು ಜೊತೆಯಾಗಿ ಅರ್ಜಿ ಹಾಕಲಿ. ಹೊಸ ಊರು, ಹೊಸ ಊಟ, ಇಂಗ್ಲಿಷ್ ಪಾಠ. ಮೊದಲ ಎರಡು ತಿಂಗಳು ಅಳು ಬರುತ್ತದೆ. ಆಗ ನಮ್ಮ ಭಾಷೆಯಲ್ಲಿ "ಊಟ ಆತೇನ?" ಅಂತ ಕೇಳುವ ಇನ್ನೊಬ್ಬರು ಇದ್ದರೆ ಮಗು ಉಳಿಯುತ್ತದೆ. ಹೋದವರ ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ಮುಂದಿನ ವರ್ಷದವರಿಗೆ ಕೊಡಿ.

ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ಕನ್ನಡ ಮಾಧ್ಯಮದ ಮಗುವಿಗೆ ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ಕೊನೆಯ ವರ್ಷದಲ್ಲಿ ವಾರಕ್ಕೊಮ್ಮೆ ಒಂದು ಸಂಶೋಧನಾ ಲೇಖನದ ಸಾರಾಂಶ ಮಾತ್ರ ಓದಿಸಿ, ಕನ್ನಡದಲ್ಲಿ ವಿವರಿಸಲು ಹೇಳಿ. ಕರಾವಳಿಯ ವಿಭಾಗಗಳಲ್ಲಿ ಕಲಿಸುವವರಿಗೂ ನನ್ನ ವಿನಂತಿ: ಉತ್ತರ ಕರ್ನಾಟಕದ ಮಗು ಸುಮ್ಮನೆ ಕೂತಿದ್ದರೆ ದಡ್ಡ ಅಂದುಕೊಳ್ಳಬೇಡಿ. ಮೊದಲ ಸೆಮಿಸ್ಟರ್‌ನಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ಬಿಡಿ.

ಬೇಸಿಗೆ ತರಬೇತಿ ಕೇಳುವುದು ಹೇಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ವಿಜ್ಞಾನಿಯ ಜೊತೆ ಕೆಲಸ, ಜೊತೆಗೆ ಭತ್ಯೆ. ಇದು ಉಪನ್ಯಾಸಕರಿಗೂ ಇದೆ. ನಾವು ಮೊದಲು ಹೋಗಿ ಬಂದರೆ ಮಕ್ಕಳನ್ನು ಕಳಿಸುವುದು ಸುಲಭ.

ಸಂಸ್ಥೆಯ ವಿಜ್ಞಾನಿಗೆ ನೇರವಾಗಿ ಇಮೇಲ್ ಬರೆಯುವುದೂ ಒಂದು ದಾರಿ. ಉದ್ದ ಬೇಡ. ಹೆಸರು, ಕಾಲೇಜು, ಊರು. ಅವರ ಯಾವ ಕೆಲಸ ಓದಿದ್ದೀರಿ ಅಂತ ಒಂದು ವಾಕ್ಯ. ಹಿನ್ನೀರಿನಲ್ಲಿ ನೀವು ಮಾಡಿದ ಅಳತೆ ಬಗ್ಗೆ ಎರಡು ವಾಕ್ಯ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ. ಅಂಕಪಟ್ಟಿ ಲಗತ್ತಿಸಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ, ಆಮೇಲೆ ಇನ್ನೊಬ್ಬರಿಗೆ ಬರೆಯಿರಿ. ಉತ್ತರ ಬಾರದಿರುವುದು ಅವಮಾನ ಅಲ್ಲ.

ಮುಂದೆ ಕೆಲಸ ಏನು?

ಅಪ್ಪ ಅವ್ವ ಕೇಳುವುದೇ ಇದನ್ನು, ಕೇಳುವುದು ಸರಿಯೂ ಹೌದು. ಬಿ.ಎಫ್.ಎಸ್ಸಿ ಆದವರಿಗೆ ರಾಜ್ಯ ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗಳಿವೆ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೂ ಈ ಪದವಿ ನಡೆಯುತ್ತದೆ. ಸೀಗಡಿ ಕೃಷಿ, ಮೀನಿನ ಆಹಾರ, ರಫ್ತು ಕಂಪನಿಗಳಲ್ಲಿ ಕೆಲಸ ಇದೆ. ಭೂವಿಜ್ಞಾನದವರು ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಬಹುದು. ಅದರ ಸಾಗರ ಮತ್ತು ಕರಾವಳಿ ವಿಭಾಗದ ಮುಖ್ಯ ಕಚೇರಿ ಮಂಗಳೂರಿನಲ್ಲೇ ಇದೆ. ಸಂಶೋಧನೆಗೆ ಹೋಗುವವರು ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಬೇಕು. ಅದರಲ್ಲಿ ಜೀವವಿಜ್ಞಾನವೂ ಇದೆ, ಭೂಮಿ-ವಾತಾವರಣ-ಸಾಗರ ವಿಜ್ಞಾನಗಳ ಪತ್ರಿಕೆಯೂ ಇದೆ. ಅದರಿಂದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎಸ್‌ಸಿ, ಎಸ್‌ಟಿ, ಒಬಿಸಿ ಮಕ್ಕಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಆಳ ಸಮುದ್ರ ಯೋಜನೆಗೆ 4,077 ಕೋಟಿ ರೂಪಾಯಿ ಅಂದಾಜು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ನೌಕೆಯನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿದೆ. ಅಂಥ ಕಡೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರೂ ಬೇಕು.

ಯಾವ ತಿಂಗಳಲ್ಲಿ ಏನು

ಅಕ್ಟೋಬರ್‌ನಲ್ಲಿ ಪ್ರಮಾಣಪತ್ರಗಳು. ಅದೇ ಹೊತ್ತಿಗೆ, ನವೆಂಬರ್ ಮುಗಿಯುವ ಮೊದಲು ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಅರ್ಜಿ. ಜನವರಿ, ಫೆಬ್ರವರಿಯಲ್ಲಿ ಸಿಇಟಿ ಅರ್ಜಿ. ಸಿಯುಇಟಿ ಪಿಜಿ ಮತ್ತು ಕುಸಾಟ್ ಅರ್ಜಿಗಳ ಪ್ರಕಟಣೆಯನ್ನು ಡಿಸೆಂಬರ್‌ನಿಂದಲೇ ನೋಡುತ್ತಿರಿ. ಕಾರವಾರ, ಮಂಗಳೂರಿನ ಎಂ.ಎಸ್ಸಿ ಅರ್ಜಿ ಡಿಗ್ರಿ ಫಲಿತಾಂಶದ ಆಸುಪಾಸಿನಲ್ಲಿ ಬರುತ್ತವೆ. ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ಪ್ರತಿ ಸೋಮವಾರ ಆಯಾ ವೆಬ್‌ಸೈಟ್ ನೋಡುವ ಕೆಲಸವನ್ನು ವಿಭಾಗದ ಒಬ್ಬ ವಿದ್ಯಾರ್ಥಿಗೆ ವಹಿಸಿ. ಪ್ರಕಟಣೆ ಬಂದ ದಿನವೇ ಪ್ರಿಂಟ್ ತೆಗೆದು ಲೇಡೀಸ್ ರೂಮಿನಲ್ಲಿ, ಹಾಸ್ಟೆಲ್‌ಗಳಲ್ಲಿ, ಬಸ್ ಪಾಸ್ ಕೌಂಟರ್ ಪಕ್ಕದಲ್ಲಿ ಅಂಟಿಸಿ. ಹಳ್ಳಿಯಿಂದ ಬಂದು ಹೋಗುವ ಮಕ್ಕಳು ಕಚೇರಿಯ ನೋಟಿಸ್ ಬೋರ್ಡ್ ಮುಂದೆ ನಿಲ್ಲುವಷ್ಟು ಹೊತ್ತು ಕಾಲೇಜಿನಲ್ಲಿ ಇರುವುದಿಲ್ಲ.